ನಾರಾಯಣೀಯದಲ್ಲಿ ರೋಗವೂ ಶಾಂತಿಯೂ

ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಮಮ್ಮಟನು ಕೀರ್ತಿ, ಧನ, ವ್ಯವಹಾರಜ್ಞಾನ, ಅಮಂಗಳನಿವಾರಣೆ, ತತ್‌ಕ್ಷಣದ ಪರಮಾನಂದ, ಕಾಂತೆಯ ನುಡಿಯಂತೆ ಮೆಲ್ಲನೆ ಮನಸ್ಸಿಗಿಳಿಯುವ ಉಪದೇಶ ಎಂದು ಆರನ್ನು ಹೇಳಿರುವನು. ಇವುಗಳಲ್ಲಿ ನಾಲ್ಕನೆಯದಕ್ಕೆ ಅವನು ಕೊಡುವ ನಿದರ್ಶನ ಮಯೂರಕವಿಯದು. ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಈ ಕವಿ ಕುಷ್ಠರೋಗಕ್ಕೆ ತುತ್ತಾಗಿ ಸೂರ್ಯಶತಕವನ್ನು ರಚಿಸಿ ರೋಗಮುಕ್ತನಾದನೆಂಬ ಐತಿಹ್ಯವು ಪಂಡಿತರಲ್ಲಿ ಪ್ರಸಿದ್ಧವಾಗಿದೆ. ಮಮ್ಮಟನ ಮುಂದಿನ ಶತಮಾನದವನಾದ ಹೇಮಚಂದ್ರನು ಈ ಎಣಿಕೆಯನ್ನು ಒಪ್ಪಲಿಲ್ಲ. ಅಮಂಗಳನಿವಾರಣೆಯು ಬೇರೆ ಉಪಾಯಗಳಿಂದಲೂ ಆಗತಕ್ಕದ್ದು. ಆದುದರಿಂದ ಅದು ಕಾವ್ಯಕ್ಕೇ ಮೀಸಲಾದ ಪ್ರಯೋಜನವಲ್ಲವೆಂದು ಅವನ ಆಕ್ಷೇಪ. ರೋಗಕ್ಕೆ ವೈದ್ಯನುಂಟು, ಔಷಧವುಂಟು, ವ್ರತಪೂಜೆಗಳುಂಟು. ಅಲ್ಲಿ ಕಾವ್ಯವು ಮಾಡುವ ಕೆಲಸವೇನು?

ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ತೀರಿಸುವುದಕ್ಕಿಂತ ಒಂದು ಕೃತಿಯನ್ನು ಮುಂದಿಟ್ಟುಕೊಂಡು ಪರೀಕ್ಷಿಸುವುದು ಲೇಸು. ಅದಕ್ಕೆ ಮೇಲ್ಪತ್ತೂರು ನಾರಾಯಣ ಭಟ್ಟತಿರಿಯ ನಾರಾಯಣೀಯಕ್ಕಿಂತ ತಕ್ಕ ಕೃತಿ ಸುಲಭವಾಗಿ ದೊರೆಯದು. ಮಯೂರನ ರೋಗವು ಐತಿಹ್ಯದಲ್ಲಿ ಮಾತ್ರ ಉಂಟು. ಭಟ್ಟತಿರಿಯ ರೋಗವಾದರೋ ಕಾವ್ಯದೊಳಗೇ ಉಂಟು. ಕವಿಯ ಬಾಯಿಂದಲೇ ಅದನ್ನು ನಾವು ಕೇಳುತ್ತೇವೆ.

ಭಟ್ಟತಿರಿಯು ಕೇರಳದಲ್ಲಿ ಭಾರತಪ್ಪುಳೆ ಎಂಬ ನಿಳಾನದಿಯ ಸೀಮೆಯವನು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದವನು. ತೃಕ್ಕಂಡಿಯೂರಿನ ಅಚ್ಯುತ ಪಿಷಾರಟಿಯು ಇವನ ವಿದ್ಯಾಗುರು. ಆತನು ವೈಯಾಕರಣನೂ ಜ್ಯೋತಿಷಿಯೂ ಆಗಿದ್ದನು. ಗುರುವಿಗೆ ಬಂದ ವಾತರೋಗವನ್ನು ಶಿಷ್ಯನು ಗುರುದಕ್ಷಿಣೆಯಾಗಿ ತನ್ನ ಮೈಗೆ ಬರಮಾಡಿಕೊಂಡನೆಂದೂ, ಅನಂತರ ಗುರುವಾಯೂರಿನ ದೇವಾಲಯದಲ್ಲಿ ಕುಳಿತು ದಿನಕ್ಕೊಂದು ದಶಕದಂತೆ ನೂರು ದಿನಗಳಲ್ಲಿ ನೂರು ದಶಕಗಳನ್ನು ಹಾಡಿ ಗುಣಹೊಂದಿದನೆಂದೂ ಐತಿಹ್ಯ. ಮಲೆಯಾಳದ ಮಹಾಕವಿ ಎಳುತ್ತಚ್ಛನು ‘ಮೀನಿನಿಂದ ತೊಡಗು’ ಎಂದು ಹೇಳಿಕಳುಹಿಸಿದನಂತೆ. ಮಡಿವಂತರು ಈ ಮಾತಿಗೆ ಬೆದರಿದರೂ ಭಟ್ಟತಿರಿಯು ಅದನ್ನು ಮತ್ಸ್ಯಾವತಾರದಿಂದ ತೊಡಗಿ ಹರಿಯ ಲೀಲೆಗಳನ್ನು ಹಾಡಬೇಕೆಂದು ತಿಳಿದನಂತೆ.

ಕಥೆ ರಮ್ಯವಾಗಿದೆ. ಆದರೆ ಗ್ರಂಥವನ್ನು ತೆರೆದರೆ ಮತ್ಸ್ಯಾವತಾರವು ಮೊದಲಲ್ಲಿಲ್ಲ, 32ನೆಯ ದಶಕದಲ್ಲಿದೆ. ಕಾವ್ಯವು ತೊಡಗುವುದು ದೇಶಕಾಲಗಳ ಎಲ್ಲೆಯಿಲ್ಲದ ಆನಂದರೂಪವಾದ ಪರತತ್ತ್ವದಿಂದ. ಅದೇ ತತ್ತ್ವವು ಗುರುವಾಯೂರಿನಲ್ಲಿ ಎಲ್ಲರ ಕಣ್ಣಿಗೂ ಕಾಣುವಂತೆ ನಿಂತಿರುವುದು ಜನರ ಭಾಗ್ಯವೆಂದು ಕವಿಯು ಮೊದಲ ಶ್ಲೋಕದಲ್ಲಿಯೇ ಹೇಳುತ್ತಾನೆ. ಆದುದರಿಂದ ಐತಿಹ್ಯವು ಕೃತಿಯ ಅನುಕ್ರಮಕ್ಕೆ ಪ್ರಮಾಣವಾಗಲಾರದು. ಭಕ್ತರು ಈ ಕೃತಿಯನ್ನು ಹೇಗೆ ಗ್ರಹಿಸಿದರೆಂಬುದಕ್ಕೆ ಮಾತ್ರ ಅದು ಸಾಕ್ಷಿ. ಕವಿಯ ಶಾಂತಿಯ ಬಗೆಯನ್ನು ತಿಳಿಯಬೇಕಾದರೆ ಗ್ರಂಥವನ್ನೇ ಕೇಳಬೇಕು.

ನಾರಾಯಣೀಯವು ಭಾಗವತದ ಸಂಗ್ರಹ. ಹದಿನೆಂಟು ಸಾವಿರ ಶ್ಲೋಕಗಳೆಂದು ಪ್ರಸಿದ್ಧಿಯುಳ್ಳ ಪುರಾಣವನ್ನು ಸಾವಿರಕ್ಕೆ ತುಸು ಮಿಕ್ಕ ಶ್ಲೋಕಗಳಲ್ಲಿ ಅಡಕಮಾಡಿರುವುದು ಅಸಾಧಾರಣ ಕೌಶಲವೆಂಬುದನ್ನು ಎಲ್ಲರೂ ಒಪ್ಪಿರುವರು. ಆದರೆ ಸಂಗ್ರಹವೆಂದು ಕರೆದು ಸುಮ್ಮನಾದರೆ ಕೃತಿಯ ಮುಖ್ಯವಾದ ಮಾರ್ಪಾಡು ಕಣ್ಣಿಗೆ ಬೀಳುವುದಿಲ್ಲ. ಭಾಗವತದಲ್ಲಿ ಕಥೆಯನ್ನು ಹೇಳುವವನು ಶುಕ, ಕೇಳುವವನು ಪರೀಕ್ಷಿತ. ಏಳು ದಿನಗಳಲ್ಲಿ ಸಾಯಬೇಕಾದವನಿಗೆ ಹೇಳಿದ ಕಥೆಯದು. ಪರೀಕ್ಷಿತನ ಮೃತ್ಯುವು ಕಥಾಶ್ರವಣದಿಂದ ತಪ್ಪಲಿಲ್ಲ. ಮೃತ್ಯುವಿನ ಭಯ ಮಾತ್ರ ತಪ್ಪಿತು. ನಾರಾಯಣೀಯದಲ್ಲಿ ಶುಕನ ಪೀಠದಲ್ಲಿ ರೋಗಿಯೇ ಕುಳಿತಿದ್ದಾನೆ. ಕೇಳುವವನು ಸಾಕ್ಷಾತ್ ಕೃಷ್ಣ. ನೀನು ಹೀಗೆ ಹುಟ್ಟಿದೆ, ಹೀಗೆ ಆಡಿದೆ, ಹೀಗೆ ಕಾಪಾಡಿದೆ ಎಂದು ದೇವರ ಕಥೆಯನ್ನು ದೇವರಿಗೇ ಹೇಳುವ ಈ ಮಧ್ಯಮಪುರುಷದ ನಿರೂಪಣೆಯೇ ಕೃತಿಯ ಜೀವ. ಪುರಾಣದ ಸಂಗತಿಗಳೆಲ್ಲ ಇಲ್ಲಿ ನೆನಪು ಮಾಡಿಕೊಡುವ ಮಾತುಗಳಾಗುತ್ತವೆ. 26ನೆಯ ದಶಕದಲ್ಲಿ ಗಜೇಂದ್ರನನ್ನು ಮೊಸಳೆಯ ಹಿಡಿತದಿಂದ ಬಿಡಿಸಿದ ಕಥೆ ಬಂದಾಗ, ಅದನ್ನು ಹೇಳುತ್ತಿರುವವನೂ ಬಿಡುಗಡೆಗಾಗಿ ಕಾದಿರುವವನೆಂಬುದನ್ನು ವಾಚಕನು ಮರೆಯಲಾರ.

ರೋಗದ ವಿಷಯದಲ್ಲಿ ಕವಿಯ ಪ್ರಾಮಾಣಿಕತೆಯು ಮೂರನೆಯ ದಶಕದಲ್ಲಿ ಎದ್ದುಕಾಣುತ್ತದೆ. ಕಷ್ಟ ಬಂದಾಗ ಭಕ್ತಿ ಹೆಚ್ಚುವುದೆಂದು ಸಾಮಾನ್ಯವಾಗಿ ಹೇಳುವುದುಂಟು. ಭಟ್ಟತಿರಿಯು ಹಾಗೆ ಹೇಳುವುದಿಲ್ಲ. ರೋಗದಿಂದ ಬಳಲಿದ ತನ್ನ ಚಿತ್ತಕ್ಕೆ ನಿನ್ನ ಪಾದಸೇವೆಯ ರಸವೂ ರುಚಿಸದೆ ಹೋಗಿದೆ, ಕರುಣಿಸು ಎಂದು ಅವನ ಮೊರೆ. ನೋವು ಮೈಯನ್ನು ಮಾತ್ರವಲ್ಲದೆ ಭಕ್ತಿಯನ್ನೂ ತಿಂದುಹಾಕುತ್ತದೆಂಬ ಈ ಒಪ್ಪಿಗೆಯು ಸ್ತೋತ್ರಸಾಹಿತ್ಯದಲ್ಲಿ ವಿರಳವಾದುದು. ದೀರ್ಘರೋಗವನ್ನು ಹತ್ತಿರದಿಂದ ಕಂಡವರಿಗೆ ಇದರ ಸತ್ಯವು ತಾನಾಗಿ ತಿಳಿಯುವುದು. ಅದೇ ದಶಕದ ಕೊನೆಯಲ್ಲಿ ಕವಿಯು ಒಂದು ನಿಶ್ಚಯಕ್ಕೆ ಬರುತ್ತಾನೆ: ಹೆಚ್ಚು ಮಾತಿನಿಂದೇನು? ನಿನ್ನ ಕರುಣೆ ಮೂಡುವವರೆಗೆ ಈ ಗೋಳಾಟವನ್ನು ಬದಿಗಿಟ್ಟು, ಕೈಲಾದಷ್ಟು ನಮಸ್ಕಾರ ಸ್ತುತಿ ಸೇವೆಗಳಲ್ಲಿ ನಿನ್ನ ಪಾದದ ಬಳಿ ದಿನಗಳನ್ನು ಕಳೆಯುವೆನು.

ಇಲ್ಲಿ ‘ಕೈಲಾದಷ್ಟು’ ಎಂಬುದನ್ನೂ ‘ದಿನಗಳನ್ನು’ ಎಂಬುದನ್ನೂ ಗಮನಿಸಬೇಕು. ಕವಿಯು ಕೈಕೊಳ್ಳುವುದು ಒಂದು ದಿನಚರಿ. ಮೈಯ ಶಕ್ತಿಯು ಎಷ್ಟಿದೆಯೋ ಅಷ್ಟು ಕೆಲಸ, ದಿನವು ಎಷ್ಟಿದೆಯೋ ಅಷ್ಟು ಹಾಡು. ನೂರು ದಿನಗಳ ಐತಿಹ್ಯವು ನಿಜವಾಗಿರಲಿ ಬಿಡಲಿ, ದಶಕಗಳ ರಚನೆಯೇ ಈ ಅಳತೆಯನ್ನು ತೋರಿಸುತ್ತದೆ. ಹತ್ತು ಶ್ಲೋಕಗಳು ಒಬ್ಬ ದುರ್ಬಲನು ಒಂದು ಹೊತ್ತಿನಲ್ಲಿ ಹೊರಬಹುದಾದ ಭಾರ.

ಆದರೆ ಗೋಳಾಟವನ್ನು ಬಿಟ್ಟೆನೆಂದವನು ಅದನ್ನು ಪೂರ್ತಿಯಾಗಿ ಬಿಡುವುದಿಲ್ಲ. ಕಥೆ ಮುಗಿಯುವಲ್ಲಿ, ದಶಕದ ಕೊನೆಯ ಶ್ಲೋಕದಲ್ಲಿ, ರೋಗವನ್ನು ಕಳೆ, ತಾಪವನ್ನು ನೀಗು, ಕಾಪಾಡು ಎಂಬ ಬಿನ್ನಹವು ಮತ್ತೆ ಮತ್ತೆ ಬರುತ್ತದೆ. ಇದು ಪುನರುಕ್ತಿಯಲ್ಲವೆ, ಕಥಾರಸಕ್ಕೆ ಭಂಗವಲ್ಲವೆ ಎಂದು ಆಕ್ಷೇಪಿಸಬಹುದು. ಬಿಡಿ ಶ್ಲೋಕವಾಗಿ ನೋಡಿದರೆ ಕೆಲವೆಡೆ ಆಕ್ಷೇಪವು ನಿಲ್ಲುವುದೂ ಉಂಟು. ಪುರಾಣದ ಸಂಗತಿಗಳನ್ನು ಒತ್ತೊತ್ತಾಗಿ ಪೋಣಿಸಿದ ದಶಕಗಳಲ್ಲಿ ಪ್ರಾರ್ಥನೆಯು ಮುದ್ರೆಯೊತ್ತಿದಂತೆ ತೋರುವುದು. ಇಡಿಯಾಗಿ ಓದಿದರೆ ಮಾತ್ರ ಇದರ ಔಚಿತ್ಯ ತಿಳಿಯುತ್ತದೆ. ಕಥೆ ನಡೆಯುವಷ್ಟು ಹೊತ್ತು ರೋಗದ ಸೊಲ್ಲಿಲ್ಲ. ಕಥೆ ನಿಂತೊಡನೆ ನೋವು ಮರಳುತ್ತದೆ. ಆ ಮರಳುವಿಕೆಯೇ ಮರುದಿನದ ದಶಕಕ್ಕೆ ಪ್ರೇರಣೆ. ಕಲೆಯು ನೋವನ್ನು ಒಮ್ಮೆಗೇ ಅಳಿಸಿತೆಂದು ಹೇಳದೆ, ಅದಕ್ಕೆ ದಿನದಿನವೂ ಒಂದು ವಿರಾಮವನ್ನು ತಂದಿತೆಂದು ಈ ರಚನೆ ತೋರಿಸುತ್ತದೆ. ಮಮ್ಮಟನು ಐದನೆಯದಾಗಿ ಹೇಳಿದ ತತ್‌ಕ್ಷಣದ ಪರಮಾನಂದವೆಂದರೆ ಇದೇ ಅಲ್ಲವೆ?

ಈ ವಿರಾಮದ ಬೆಲೆ 69ನೆಯ ದಶಕದ ರಾಸಕ್ರೀಡೆಯ ವರ್ಣನೆಯಲ್ಲಿ ಸ್ಪಷ್ಟವಾಗುತ್ತದೆ. ಅಂಗಗಳು ಸೆಟೆದಿದ್ದವೆಂದು ಐತಿಹ್ಯವು ಹೇಳುವ ಈ ಕವಿಯ ಪದ್ಯಗಳಲ್ಲಿ ಅತ್ಯಂತ ಚಲನೆಯುಳ್ಳವು ಇವು. ಲಯವು ಹೆಜ್ಜೆಯಂತೆ ಬೀಳುತ್ತದೆ. ಕಂಕಣಗಳ ನಾದವೂ ಮಂಡಲದ ಸುತ್ತಾಟವೂ ಛಂದಸ್ಸಿನಲ್ಲಿಯೇ ಕೇಳಿಸುತ್ತವೆ. ಮೈಗೆ ಇಲ್ಲದ ನರ್ತನವನ್ನು ಮಾತು ಪಡೆದುಕೊಂಡಿದೆ.

ಇನ್ನೊಂದು ಸೂಕ್ಷ್ಮವುಂಟು. ಗುರುವೂ ವಾಯುವೂ ಸೇರಿ ಪ್ರತಿಷ್ಠಿಸಿದ ಕ್ಷೇತ್ರವಾದುದರಿಂದ ಗುರುವಾಯೂರೆಂಬ ಹೆಸರು ಬಂದಿತೆಂದು ಸ್ಥಳಪುರಾಣ. ಕವಿಯು ದೇವರನ್ನು ಪವನಪುರದ ಒಡೆಯನೆಂದು, ವಾತಾಲಯದ ಒಡೆಯನೆಂದು ಪದೇ ಪದೇ ಕರೆಯುತ್ತಾನೆ. ಕವಿಗೆ ಬಂದ ರೋಗವೂ ವಾತವೇ. ಚರಕನು ವಾತಜನ್ಯವಾದ ವಿಕಾರಗಳನ್ನು 80 ಎಂದು ಎಣಿಸಿರುವನು. ಅವುಗಳಿಂದ ಪೀಡಿತನಾದವನು ವಾತದ ಮನೆಯ ಯಜಮಾನನಲ್ಲಿಯೇ ದೂರನ್ನು ಕೊಂಡೊಯ್ಯುತ್ತಾನೆ. ಇದು ಶ್ಲೇಷದ ಚಮತ್ಕಾರ ಮಾತ್ರವೆನ್ನುವುದು ಸರಿಯಲ್ಲ. ಪೀಡಿಸುವ ಶಕ್ತಿಯೂ ಪೊರೆಯುವ ಶಕ್ತಿಯೂ ಒಂದೇ ಮನೆಯವೆಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆಯಿಂದಲೇ ರೋಗವು ಅರ್ಥವಿಲ್ಲದ ಶತ್ರುವಾಗಿ ಉಳಿಯದೆ, ಮಾತಾಡಲು ಬರುವ ವಿಷಯವಾಗುತ್ತದೆ.

ನೂರನೆಯ ದಶಕದಲ್ಲಿ ಸ್ವರವೇ ಬದಲಾಗುತ್ತದೆ. ಕೃತಿಯ ಮೊದಲ ದಶಕದಂತೆ ಇದೂ ಸ್ರಗ್ಧರಾ ವೃತ್ತದಲ್ಲಿದೆ. ಮಯೂರನ ಶತಕದ ವೃತ್ತವೂ ಅದೇ. ತನ್ನೆದುರಿನಲ್ಲಿ ದಟ್ಟನೀಲಿಯ ತೇಜಸ್ಸನ್ನು ಕಾಣುತ್ತಿರುವೆನೆಂದು ಕವಿಯು ತೊಡಗಿ, ಮುಡಿಯಿಂದ ಅಡಿಯವರೆಗೆ ಒಂದೊಂದು ಅಂಗವನ್ನೂ ವರ್ಣಿಸುತ್ತಾನೆ. ದೇವತೆಗಳನ್ನು ಪಾದದಿಂದ ಮೇಲಕ್ಕೆ ವರ್ಣಿಸಬೇಕೆಂಬ ಕವಿಸಮಯವು ಇಲ್ಲಿ ತಿರುಗಿದೆ. ಮೂರನೆಯ ದಶಕದಲ್ಲಿ ಯಾವ ಪಾದದ ಬಳಿ ದಿನಗಳನ್ನು ಕಳೆಯುವೆನೆಂದು ಹೇಳಿದ್ದನೋ, ಆ ಪಾದದಲ್ಲಿಯೇ ಕಾವ್ಯದೃಷ್ಟಿ ಬಂದು ನಿಲ್ಲಬೇಕಾಗಿತ್ತು. ನೊಂದ ಮೈಯೊಂದನ್ನೇ ನೂರು ದಶಕಗಳ ಕಾಲ ನೆನೆದಿದ್ದ ಕವಿಯು ಕೊನೆಯಲ್ಲಿ ನೋವಿಲ್ಲದ ಮತ್ತೊಂದು ಮೈಯನ್ನು ಅಂಗಾಂಗವಾಗಿ ನೋಡಿ ತಣಿಯುತ್ತಾನೆ.

ಕೊನೆಯ ಶ್ಲೋಕದಲ್ಲಿ ತಾನು ಗುಣಹೊಂದಿದೆನೆಂದು ಅವನು ಎಲ್ಲಿಯೂ ಹೇಳಿಲ್ಲ. ಮಹಿಮೆಯನ್ನರಿಯದೆ ಆಡಿದ ಮಾತುಗಳನ್ನು ಕ್ಷಮಿಸೆಂದು ಬೇಡಿ, ನಾರಾಯಣನನ್ನು ಕುರಿತದ್ದೂ ನಾರಾಯಣನೆಂಬವನು ರಚಿಸಿದ್ದೂ ಆದುದರಿಂದ ಎರಡು ಬಗೆಯಲ್ಲಿ ನಾರಾಯಣೀಯವಾದ ಈ ಸ್ತೋತ್ರವು ಇಲ್ಲಿ ಆಯುಸ್ಸನ್ನೂ ಆರೋಗ್ಯವನ್ನೂ ಸೌಖ್ಯವನ್ನೂ ಉಂಟುಮಾಡಲಿ ಎಂದು ಹಾರೈಸುತ್ತಾನೆ. ಕ್ರಿಯಾಪದಗಳು ಹಾರೈಕೆಯವು, ಸಿದ್ಧಿಯನ್ನು ಹೇಳುವವಲ್ಲ. ಮುಂದೆ ಪ್ರಕ್ರಿಯಾಸರ್ವಸ್ವವೆಂಬ ವ್ಯಾಕರಣವನ್ನು ರಚಿಸಿದ ಪಂಡಿತನು ಲಕಾರಗಳನ್ನು ಅಜಾಗ್ರತೆಯಿಂದ ಬಳಸಿರಲಾರ. ಅದಕ್ಕಿಂತಲೂ ಮುಖ್ಯವಾದುದು, ಈ ಹಾರೈಕೆಯಲ್ಲಿ ‘ನನಗೆ’ ಎಂಬ ಮಾತಿಲ್ಲ. ನನ್ನ ರೋಗವನ್ನು ಕಳೆ ಎಂದು ಮೊರೆಯಿಡುತ್ತ ಬಂದವನು ಮುಕ್ತಾಯದಲ್ಲಿ ಬಯಸುವ ಆರೋಗ್ಯವು ಓದುವವರೆಲ್ಲರದು. ಐತಿಹ್ಯವು ಹೇಳುವ ಗುಣವು ಮೈಗಾದುದು; ಗ್ರಂಥವು ತೋರಿಸುವ ಗುಣವು ಈ ‘ನನ್ನ’ ಎಂಬುದರ ಸಡಿಲಿಕೆ.

ಕಾವ್ಯದ ಕಡೆಯ ಪದವಾದ ‘ಆಯುರಾರೋಗ್ಯಸೌಖ್ಯಂ’ ಎಂಬುದು ಕಟಪಯಾದಿ ಸಂಖ್ಯೆಯಲ್ಲಿ 1712210 ಎಂದಾಗುತ್ತದೆ. ಇದು ಕಲಿದಿನಗಳ ಎಣಿಕೆ, ಲೆಕ್ಕಹಾಕಿದರೆ ಕ್ರಿ.ಶ. 1586ರ ಕೊನೆಗೆ ಬೀಳುತ್ತದೆ. 1587 ಎಂದು ಬರೆಯುವವರೂ ಉಂಟು. ಹಾರೈಕೆಯೂ ತಾರೀಖೂ ಒಂದೇ ಪದದಲ್ಲಿ ಸೇರಿವೆ. ದಿನದಿನವನ್ನೂ ಎಣಿಸಿ ಕಳೆಯುವ ರೋಗಿಗೆ ಕಟ್ಟಕಡೆಯ ದಿನದ ಸಂಖ್ಯೆಯೇ ಆರೋಗ್ಯವೆಂಬ ಮಾತಾಗಿ ಒದಗಿದುದು ಪಾಂಡಿತ್ಯದ ಆಟವಾದರೂ ಹೃದಯವನ್ನು ಮುಟ್ಟುವ ಆಟ. ಪ್ರಕ್ರಿಯಾಸರ್ವಸ್ವವು 1616ರದು, ಎಂದರೆ ನಾರಾಯಣೀಯದ ಅನಂತರ ಸುಮಾರು ಮೂವತ್ತು ವರ್ಷಗಳ ಮೇಲೆಯೂ ಕವಿಯು ಮಹಾಗ್ರಂಥವನ್ನು ರಚಿಸುವ ಸ್ಥಿತಿಯಲ್ಲಿದ್ದನು.

ಕನ್ನಡದಲ್ಲಿ ಇದಕ್ಕೆ ಹೋಲಿಸತಕ್ಕ ಚರಿತ್ರೆ ಮಾನವಿಯ ಜಗನ್ನಾಥದಾಸರದು (1728-1809). ಸಂಸ್ಕೃತಪಂಡಿತರಾಗಿದ್ದ ಶ್ರೀನಿವಾಸಾಚಾರ್ಯರು ಕನ್ನಡದ ದಾಸರನ್ನು ಕಡೆಗಣಿಸಿ ಉದರವ್ಯಾಧಿಗೆ ಗುರಿಯಾದರೆಂದೂ, ವಿಜಯದಾಸರ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದೂ ಹರಿದಾಸ ಸಂಪ್ರದಾಯವು ಹೇಳುತ್ತದೆ. ಅಲ್ಲಿ ಶಿಷ್ಯನು ಗುರುವಿನ ರೋಗವನ್ನು ಪಡೆದನು. ಇಲ್ಲಿ ಶಿಷ್ಯನು ಹಿರಿಯರ ಆಯುಸ್ಸನ್ನು ಪಡೆದನು. ಆದರೆ ಭಾಮಿನಿ ಷಟ್ಪದಿಯ ಹರಿಕಥಾಮೃತಸಾರದ ಮುಖ್ಯ ವಸ್ತು ದ್ವೈತತತ್ತ್ವದ ನಿರೂಪಣೆ. ರೋಗವು ಚರಿತ್ರೆಗೆ ಸೇರಿದುದೇ ಹೊರತು ಕಾವ್ಯದ ಧ್ವನಿಯಲ್ಲ. ದಾಸರ ಗುಣಹೊಂದುವಿಕೆಯ ನಿಜವಾದ ಗುರುತು ಅವರು ಆರಿಸಿಕೊಂಡ ಭಾಷೆ: ಯಾವ ಕನ್ನಡವನ್ನು ಹಳಿದಿದ್ದರೋ ಆ ಕನ್ನಡದಲ್ಲಿಯೇ ಅವರ ಪಾಂಡಿತ್ಯವೆಲ್ಲ ಹರಿಯಿತು. ಎರಡು ಚರಿತ್ರೆಗಳಲ್ಲಿಯೂ ವ್ಯಾಧಿಯು ಅಹಂಕಾರದ ಮನೆಯನ್ನು ಮುರಿದಿದೆ, ಕಾವ್ಯವು ಬೇರೊಂದು ಮನೆಯನ್ನು ಕಟ್ಟಿದೆ.

ಹೇಮಚಂದ್ರನ ಆಕ್ಷೇಪಕ್ಕೆ ಈಗ ಉತ್ತರ ಹೇಳಬಹುದು. ರೋಗನಿವಾರಣೆಯು ಕಾವ್ಯಕ್ಕೆ ಮೀಸಲಾದುದಲ್ಲವೆಂಬ ಅವನ ಮಾತು ಸರಿಯೇ. ನಾರಾಯಣೀಯವನ್ನು ಔಷಧದಂತೆ ಸೂಚಿಸುವುದರಲ್ಲಿ ಒಂದು ಕ್ರೌರ್ಯವೂ ಅಡಗಿದೆ. ಪಾರಾಯಣ ಮಾಡಿಯೂ ವಾಸಿಯಾಗದ ರೋಗಿಯು ತನ್ನ ಭಕ್ತಿಯೇ ಕೊರತೆಯದೆಂದು ನೊಂದುಕೊಳ್ಳಬೇಕಾಗುತ್ತದೆ. ಗ್ರಂಥವು ಅಂತಹ ಮಾತನ್ನು ಕೊಟ್ಟಿಲ್ಲ. ಭಕ್ತಿಯೇ ಬತ್ತಿದ ಹೊತ್ತನ್ನು ಒಪ್ಪಿಕೊಂಡು ತೊಡಗಿದ ಕಾವ್ಯವದು. ಆದರೆ ಮಮ್ಮಟನ ನಾಲ್ಕನೆಯ ಪ್ರಯೋಜನವು ಐದನೆಯದರ ಮೂಲಕ ಬರುವುದಾದರೆ, ಎಂದರೆ ಆ ಕ್ಷಣದ ಆನಂದವೇ ದಿನದಿನವೂ ಕೂಡಿ ಬಂದು ಅಮಂಗಳದ ಹಿಡಿತವನ್ನು ಸಡಿಲಿಸುವುದಾದರೆ, ಅದು ಬೇರೆ ಉಪಾಯಗಳಿಂದ ಆಗತಕ್ಕದ್ದಲ್ಲ. ಆ ಅರ್ಥದಲ್ಲಿ ಮಯೂರನ ನಿದರ್ಶನಕ್ಕಿಂತ ಭಟ್ಟತಿರಿಯ ನಿದರ್ಶನವು ಬಲವಾದುದು. ಅದಕ್ಕೆ ಐತಿಹ್ಯದ ಊರೆ ಬೇಕಾಗಿಲ್ಲ, ಮೂರನೆಯ ದಶಕವನ್ನೂ ನೂರನೆಯದನ್ನೂ ಒಟ್ಟಿಗಿಟ್ಟು ಓದಿದರೆ ಸಾಕು.