ಮದುವೆ ಮುರಿದರೆ ಊರೂ ಹೋಗಬೇಕೆ?

ಗಂಡನ ಮೂಲಕ ಸಿಕ್ಕ ವಾಸದ ಹಕ್ಕು ಸೋಡಚೀಟಿಯಾದ ಮೇಲೂ ಹೆಂಡತಿಗೆ ಉಳಿಯಬೇಕೆ? ಈ ಪ್ರಶ್ನೆ ನಮ್ಮಲ್ಲಿ ಎದ್ದರೆ ಮಾತು ಕೂಡಲೇ ಅಮೆರಿಕದ ಗ್ರೀನ್ ಕಾರ್ಡಿನ ಕಡೆ ಹೊರಳುತ್ತದೆ. ನ್ಯೂಜೆರ್ಸಿಯಲ್ಲಿರುವ ಮಗಳು, ಡಲ್ಲಾಸಿನಲ್ಲಿರುವ ಸೊಸೆ, ವಕೀಲರ ಫೀಜು ಎಂದು ಚರ್ಚೆ ಅಲ್ಲೇ ಸುತ್ತುತ್ತದೆ. ಅಷ್ಟು ದೂರ ಹೋಗಬೇಕಾಗಿಲ್ಲ. ಬೀದರದಿಂದ ತೆಲಂಗಾಣದ ಜಹೀರಾಬಾದಿಗೆ, ಔರಾದದಿಂದ ನಾರಾಯಣಖೇಡಕ್ಕೆ, ಸೇಡಂ, ಚಿಂಚೋಳಿಗಳಿಂದ ತಾಂಡೂರಿಗೆ ಸೊಸೆಯಾಗಿ ಹೋದ ಕನ್ನಡದ ಹೆಣ್ಣುಮಕ್ಕಳು ಇದೇ ಪ್ರಶ್ನೆಯನ್ನು ತಹಶೀಲ್ದಾರರ ಕಚೇರಿಯಲ್ಲಿ, ಮೀಸೇವಾ ಕೇಂದ್ರದಲ್ಲಿ, ರೇಷನ್ ಅಂಗಡಿಯ ಮುಂದೆ ಎದುರಿಸುತ್ತಾರೆ. ಅವರಿಗೆ ಪಾಸ್‌ಪೋರ್ಟ್ ಬೇಕಿಲ್ಲ, ಅವರನ್ನು ಯಾರೂ ಗಡೀಪಾರು ಮಾಡುವುದಿಲ್ಲ. ಆದರೂ ಮದುವೆ ಮುರಿದ ದಿನದಿಂದ ಅವರು ಯಾವ ಊರಿನವರು ಎಂದು ಹೇಳುವ ಕಾಗದ ಅವರ ಕೈಯಲ್ಲಿ ಇರುವುದಿಲ್ಲ. ಈ ಪದ್ಧತಿಯನ್ನು ತೂಗಿ ನೋಡಬೇಕಾದ ಕಾಲ ಬಂದಿದೆ.

ಈ ಗಡಿ ಹಳೆಯದಲ್ಲ. ಹಳೆಯ ಹೈದರಾಬಾದ್ ರಾಜ್ಯದಲ್ಲಿ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಯವು, ತಾಂಡೂರು ಗುಲಬರ್ಗಾ ಜಿಲ್ಲೆಯದು. 1956ರ ರಾಜ್ಯ ಪುನರ್‌ವಿಂಗಡಣೆ ಕಾಯ್ದೆ ಜಹೀರಾಬಾದ್ ತಾಲ್ಲೂಕಿನಿಂದ ನಿರ್ಣಾ ಸರ್ಕಲ್ಲನ್ನು ಮಾತ್ರ ಮೈಸೂರು ರಾಜ್ಯಕ್ಕೆ ಕೊಟ್ಟು, ಮಿಕ್ಕ ಭಾಗವನ್ನೂ ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ಲನ್ನೂ ನಾರಾಯಣಖೇಡವನ್ನೂ ಆಗಿನ ಆಂಧ್ರಕ್ಕೆ (ಈಗ ತೆಲಂಗಾಣ) ಹಾಕಿತು. ಕೊಡಂಗಲ್, ತಾಂಡೂರುಗಳು ಗುಲಬರ್ಗಾದಿಂದ ಕಳಚಿಹೋದವು. ಗೆರೆ ಬಿತ್ತು, ನೆಂಟಸ್ತಿಕೆ ನಿಲ್ಲಲಿಲ್ಲ. ಗಡಿಯಾಚೆಯ ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಈ ಕಡೆಯವರು ಇಂದಿಗೂ ಹೋಗುತ್ತಾರೆ, ಹೆಣ್ಣು ಕೊಟ್ಟು ತರುವುದೂ ನಡೆದೇ ಇದೆ. ಹಿರಿಯರ ಲೆಕ್ಕದಲ್ಲಿ ಅದು ಪಕ್ಕದೂರಿನ ಸಂಬಂಧ, ಸರಕಾರದ ಲೆಕ್ಕದಲ್ಲಿ ರಾಜ್ಯ ದಾಟಿದ ಮದುವೆ.

ಇಂಥ ಮದುವೆಯ ಬಗ್ಗೆ ನಮ್ಮ ಕಾನೂನಿನ ಹಳೆಯ ಧೋರಣೆ ಏನೆಂದು ತಿಳಿಯಲು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 15 ಮತ್ತು 16ನೇ ಕಲಮುಗಳನ್ನು ಓದಬೇಕು. ಮದುವೆಯಾದ ಹೆಂಗಸಿಗೆ ಗಂಡನ ನೆಲೆಯೇ ನೆಲೆ. ಮದುವೆ ಇರುವಷ್ಟು ಕಾಲ ಅವನದು ಬದಲಾದರೆ ಅವಳದೂ ಬದಲು. ನ್ಯಾಯಾಲಯ ಇಬ್ಬರನ್ನೂ ಬೇರೆ ಮಾಡಿದರೆ ಅವಳಿಗೆ ಬಿಡುಗಡೆ. ಈ ನಿಯಮ ಇಂಗ್ಲೆಂಡಿನಿಂದ ಬಂದದ್ದು. ಇಂಗ್ಲೆಂಡೇ 1973ರಲ್ಲಿ ಕಾನೂನು ಮಾಡಿ ಅದನ್ನು ಕೈಬಿಟ್ಟಿತು, ನಮ್ಮ ಪುಸ್ತಕದಲ್ಲಿ ಮಾತ್ರ ಅದು ಹಾಗೇ ಇದೆ. 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಭಾರತದಲ್ಲಿ ಇರುವುದು ಒಂದೇ ನೆಲೆ (ಡೊಮಿಸೈಲ್), ಅದು ಭಾರತದ್ದು, ರಾಜ್ಯಕ್ಕೊಂದು ಬೇರೆ ಇಲ್ಲ ಎಂದು ಹೇಳಿತು. ಆ ಮಾತನ್ನು ಹಿಡಿದರೆ ಔರಾದದ ಹುಡುಗಿ ನಾರಾಯಣಖೇಡದಲ್ಲಿ ಪರಕೀಯಳಾಗುವ ಪ್ರಶ್ನೆಯೇ ಬರಬಾರದು. ಕಚೇರಿಗಳು ನಡೆಯುವುದು ಮಾತ್ರ ತೀರ್ಪಿನ ಮೇಲಲ್ಲ, ಅರ್ಜಿ ನಮೂನೆಯ ಮೇಲೆ. ನಮೂನೆಯಲ್ಲಿ ಗಂಡನ ಹೆಸರಿಗೆ ಒಂದು ಸಾಲು ಇರುತ್ತದೆ, ಅದು ಖಾಲಿಯಿದ್ದರೆ ಕೌಂಟರಿನಲ್ಲಿ ಕೂತವರ ಕೈ ಅಲ್ಲಿಗೇ ನಿಲ್ಲುತ್ತದೆ.

ಬೇರೆ ದೇಶಗಳ ವಲಸೆ ಕಾನೂನನ್ನು ಇಲ್ಲಿ ಎಳೆದು ತರಲು ಕಾರಣವಿದೆ. ಒಂದು ಕಾನೂನಿನ ಬೆಲೆ ಅದು ಕೇಳುವ ಪ್ರಶ್ನೆಯಿಂದ ಗೊತ್ತಾಗುತ್ತದೆ. ಅಮೆರಿಕ 1986ರಲ್ಲಿ ಸುಳ್ಳು ಮದುವೆ ತಡೆಯಲೆಂದು ಒಂದು ತಿದ್ದುಪಡಿ ತಂದಿತು. ಗ್ರೀನ್ ಕಾರ್ಡ್ ಸಿಗುವ ಹೊತ್ತಿಗೆ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಕೊಡುವುದು ಎರಡು ವರ್ಷದ ಷರತ್ತಿನ ಕಾರ್ಡು. ಷರತ್ತು ತೆಗೆಸಲು ಗಂಡ ಹೆಂಡತಿ ಜೊತೆಯಾಗಿ ಅರ್ಜಿ ಹಾಕಬೇಕು. ನಡುವೆ ವಿಚ್ಛೇದನವಾದರೆ? ಆಗ ವಲಸೆ ಬಂದವರು ಒಬ್ಬರೇ ಅರ್ಜಿ ಹಾಕಿ ವಿನಾಯಿತಿ ಕೇಳಬಹುದಿತ್ತು, ಆದರೆ ಮೊದಲ ರೂಪದಲ್ಲಿ ಅದು ಸಿಗುತ್ತಿದ್ದುದು ಸರಿಯಾದ ಕಾರಣವಿಟ್ಟು ತಾವೇ ವಿಚ್ಛೇದನ ಪಡೆದವರಿಗೆ ಮಾತ್ರ. ಗಂಡನೇ ವಿಚ್ಛೇದನ ಪಡೆದರೆ ಹೆಣ್ಣಿಗೆ ಆ ಬಾಗಿಲು ಮುಚ್ಚಿತ್ತು. 1990ರಲ್ಲಿ ಆ ಅನ್ಯಾಯವನ್ನು ತೆಗೆದರು. ಈಗ ಅವಳು ತೋರಿಸಬೇಕಾದದ್ದು ಒಂದೇ: ಮದುವೆಯಾಗುವಾಗ ಅದು ನಿಜವಾದ ಮದುವೆಯಾಗಿತ್ತು ಎಂಬುದು. ಜಂಟಿ ಬ್ಯಾಂಕ್ ಖಾತೆ, ಮನೆ ಬಾಡಿಗೆ ಕರಾರು, ಮಕ್ಕಳ ಜನನ ಪತ್ರ, ನೆಂಟರ ಪ್ರಮಾಣಪತ್ರಗಳು ಸಾಕ್ಷಿ. ಮದುವೆ ಉಳಿಯಿತೇ ಎಂದು ಕೇಳದೆ ಮದುವೆ ನಿಜವಿತ್ತೇ ಎಂದು ಕೇಳುವುದರಲ್ಲಿ ನ್ಯಾಯವಿದೆ, ಏಕೆಂದರೆ ಎರಡನೆಯದಕ್ಕೆ ಉತ್ತರ ಅವಳ ಕೈಯಲ್ಲಿದೆ, ಮೊದಲನೆಯದಕ್ಕೆ ಉತ್ತರ ಗಂಡನ ಕೈಯಲ್ಲೂ ಇದೆ. ಕೆನಡಾ ಇಂಥದೇ ಎರಡು ವರ್ಷದ ಷರತ್ತನ್ನು 2012ರಲ್ಲಿ ಹಾಕಿ, ಹಿಂಸೆಗೆ ಸಿಕ್ಕ ಹೆಂಡಂದಿರು ಅದರ ಭಯಕ್ಕೆ ಬಾಯಿ ಮುಚ್ಚಿಕೊಂಡಿರುತ್ತಾರೆ ಎಂಬ ಟೀಕೆ ಬಂದ ಮೇಲೆ 2017ರಲ್ಲಿ ತೆಗೆದೇ ಹಾಕಿತು.

ನಮ್ಮ ದೇಶದ ಕಾನೂನು ಈ ಅಳತೆಯಲ್ಲಿ ಹಿಂದೆ ಬೀಳುತ್ತದೆ ಎಂದು ಹೇಳಲು ನನಗೆ ನೋವಾಗುತ್ತದೆ, ಆದರೆ ಹೇಳಲೇಬೇಕು. ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು, ಅಂದರೆ ಓಸಿಐ, ಸಿಗುತ್ತದೆ. ಪೌರತ್ವ ಕಾಯ್ದೆಗೆ 2015ರಲ್ಲಿ ಸೇರಿದ 7ಎ ಕಲಮಿನಂತೆ ಮದುವೆ ನೋಂದಣಿಯಾಗಿ ಎರಡು ವರ್ಷ ಸತತವಾಗಿ ನಡೆದಿರಬೇಕು. ಅದೇ ಕಾಯ್ದೆಯ 7ಡಿ ಕಲಮು ಮದುವೆ ರದ್ದಾದರೆ ಕಾರ್ಡನ್ನು ಸರಕಾರ ರದ್ದು ಮಾಡಬಹುದು ಎನ್ನುತ್ತದೆ. ಎಷ್ಟು ವರ್ಷ ಇಲ್ಲಿ ಬಾಳಿದಳು, ಮಕ್ಕಳು ಎಲ್ಲಿ ಓದುತ್ತಿದ್ದಾರೆ, ತಪ್ಪು ಯಾರದು ಎಂಬ ಪ್ರಶ್ನೆಗಳಿಗೆ ಆ ಕಲಮಿನಲ್ಲಿ ಜಾಗವಿಲ್ಲ. 2019ರ ತಿದ್ದುಪಡಿ ಅಹವಾಲು ಕೇಳದೆ ರದ್ದು ಮಾಡಬಾರದು ಎಂದು ಸೇರಿಸಿತು, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಕಲಮು ಕೇಳುವ ಪ್ರಶ್ನೆ ಬದಲಾಗಲಿಲ್ಲ. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ಸಂಸಾರ ಮಾಡಿದವಳಿಗೂ ಎರಡೂವರೆ ವರ್ಷ ಮಾಡಿದವಳಿಗೂ ಒಂದೇ ಕತ್ತರಿ.

ಈಗ ನಾರಾಯಣಖೇಡದ ಲಂಬಾಣಿ ತಾಂಡಾಗಳಿಗೆ ಬರೋಣ. ಇಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಸಮಸ್ಯೆ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯುತ್ತದೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಗ್ಗುಲಲ್ಲೇ ಇರುವ ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದೇ ಗೋರ್ ಬೋಲಿ ಮಾತಾಡುವ, ಒಂದೇ ಸಂತ ಸೇವಾಲಾಲರಿಗೆ ಭೋಗ ಹಚ್ಚುವ ಮೂರು ತಾಂಡಾಗಳು ಮೂರು ಪಟ್ಟಿಗಳಲ್ಲಿವೆ. ಔರಾದ ಕಡೆಯ ತಾಂಡಾದ ಹುಡುಗಿ ನಾರಾಯಣಖೇಡದ ತಾಂಡಾಕ್ಕೆ ಮದುವೆಯಾಗಿ ಬಂದಳು ಎನ್ನಿ. ತವರಿನಲ್ಲಿ ಅವಳಿಗೆ ಇದ್ದ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ತೆಲಂಗಾಣದ ಮೀಸಲಾತಿಗೆ ನಡೆಯುವುದಿಲ್ಲ. 1990ರ ಮರ್ರಿ ಚಂದ್ರಶೇಖರ ರಾವ್ ತೀರ್ಪಿನಿಂದ ಹಿಡಿದು 2018ರ ಬೀರ್ ಸಿಂಗ್ ತೀರ್ಪಿನವರೆಗೆ ಸುಪ್ರೀಂ ಕೋರ್ಟ್ ಹೇಳಿರುವುದು ಇದೇ: ಒಂದು ರಾಜ್ಯದ ಪಟ್ಟಿಯ ಲಾಭ ಇನ್ನೊಂದು ರಾಜ್ಯಕ್ಕೆ ಜೊತೆಯಲ್ಲಿ ಬರುವುದಿಲ್ಲ. ಮದುವೆಯಾಗಿ ರಾಜ್ಯ ಬದಲಿಸಿದ ಹೆಣ್ಣಿಗೂ ಇದೇ ನಿಯಮ ಎಂದು ಪಂಜಾಬಿನಿಂದ ಉತ್ತರಾಖಂಡಕ್ಕೆ ಮದುವೆಯಾಗಿ ಹೋದ ಒಬ್ಬಾಕೆಯ ಪ್ರಕರಣದಲ್ಲಿ 2018ರಲ್ಲೇ ತೀರ್ಪಾಗಿದೆ. ಗಂಡನ ಪಂಗಡವೂ ಅವಳಿಗೆ ಬರುವುದಿಲ್ಲ, ಮೀಸಲಾತಿಗೆ ಬೇಕಾದ ಜಾತಿ ಹುಟ್ಟಿನಿಂದ ಬರಬೇಕೇ ಹೊರತು ಮದುವೆಯಿಂದ ಬರದು ಎಂದು 1996ರ ವಲ್ಸಮ್ಮ ಪೌಲ್ ತೀರ್ಪು ಹೇಳಿದೆ. ಅವಳ ಗಂಡ, ಮಕ್ಕಳು, ಅತ್ತೆ, ಮಾವ ಎಲ್ಲರೂ ಪರಿಶಿಷ್ಟ ಪಂಗಡ, ಅದೇ ಗುಡಿಸಲಲ್ಲಿ ಅಡಿಗೆ ಮಾಡುವ ಅವಳು ಮಾತ್ರ ಆ ರಾಜ್ಯದಲ್ಲಿ ಏನೂ ಅಲ್ಲ.

ಸಂಸಾರ ಮುರಿದಾಗ ಇನ್ನೊಂದು ತೊಡಕು. ಹಿಂದೂ ವಿವಾಹ ಕಾಯ್ದೆಯ 2ನೇ ಕಲಮಿನ 2ನೇ ಉಪಕಲಮು ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವರಿಗೆ ಆ ಕಾಯ್ದೆ ಅನ್ವಯಿಸದು ಎನ್ನುತ್ತದೆ. ಅವಳು ತವರಿನ ಪಟ್ಟಿಯಲ್ಲಿ ಜಾತಿ, ಅವನು ತನ್ನ ಪಟ್ಟಿಯಲ್ಲಿ ಪಂಗಡ. ಯಾವ ಕಾನೂನಿನಡಿ ದಾವೆ ಹಾಕಬೇಕು ಎಂಬಲ್ಲೇ ವಾದ ಶುರುವಾಗುತ್ತದೆ. ಹಾಗಾಗಿ ತಾಂಡಾದ ನಾಯಕ, ಪಂಚರ ಮುಂದೆ ಮಾತು ಮುಗಿಯುತ್ತದೆ. ಕೊಟ್ಟದ್ದು ತೆಗೆದುಕೊಂಡದ್ದು ಲೆಕ್ಕವಾಗಿ ಅವಳು ತವರಿಗೆ ಬರುತ್ತಾಳೆ. ಕೈಯಲ್ಲಿ ಕೋರ್ಟಿನ ಡಿಕ್ರಿ ಇರುವುದಿಲ್ಲ. ಆಮೇಲೆ ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು, “ಡಿಕ್ರಿ ಕಾಪಿ ಎಲ್ಲಿ?”

ರೇಷನ್ ಕಾರ್ಡಿನ ಮಾತಿಗೆ ಬಂದರೆ ಇದು ಇನ್ನೂ ನಿಚ್ಚಳವಾಗುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯ 13ನೇ ಕಲಮು ಮನೆಯ ಹಿರಿಯ ಹೆಂಗಸೇ ಪಡಿತರ ಚೀಟಿಗೆ ಯಜಮಾನಿ ಎಂದು ಹೇಳಿದೆ. ಒಳ್ಳೆಯ ಕಲಮು. ಆದರೆ ಸೊಸೆಯ ಮಟ್ಟಿಗೆ ಆ ಹಿರಿಯ ಹೆಂಗಸು ಅತ್ತೆ. ಜಹೀರಾಬಾದಿನ ಅತ್ತೆಯ ಕಾರ್ಡಿನಿಂದ ಹೆಸರು ತೆಗೆಸದೆ ಬೀದರದ ತಾಯಿಯ ಕಾರ್ಡಿಗೆ ಸೇರಿಸಲಾಗದು. ತೆಗೆಸಲು ಆ ಮನೆಯವರು ಮನಸ್ಸು ಮಾಡಬೇಕು. “ನಿಮ್ಮ ಮನಿಯವರಿಗೆ ಹೇಳ್ರಿ, ಅವರು ತೆಗಿಸಿದ್ರ ಆಗ್ತದ,” ಎನ್ನುತ್ತಾರೆ ಕಚೇರಿಯವರು. ಯಾರಿಂದ ತಪ್ಪಿಸಿಕೊಂಡು ಬಂದಳೋ ಅವರ ಬಾಗಿಲಿಗೇ ಮತ್ತೆ ಕಳಿಸುವ ಸಲಹೆ ಅದು. ಹೆಸರು ಸೇರಿಸಿದ ಮೇಲೂ ಕಷ್ಟ ತೀರುವುದಿಲ್ಲ. ಕರ್ನಾಟಕದ ಗೃಹಲಕ್ಷ್ಮಿಯ 2,000 ರೂಪಾಯಿ ಕಾರ್ಡಿನ ಯಜಮಾನಿಗೆ ಬರುತ್ತದೆ. ತವರಿನಲ್ಲಿ ಯಜಮಾನಿ ತಾಯಿ, ಮರಳಿ ಬಂದ ಮಗಳಿಗೆ ಪಾಲಿಲ್ಲ. ಬಸ್ಸಿನಲ್ಲೂ ಅಷ್ಟೇ. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಗೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು, ಡಿಸೆಂಬರಿನಲ್ಲಿ ಬಂದ ತೆಲಂಗಾಣದ ಮಹಾಲಕ್ಷ್ಮಿಗೆ ಆ ರಾಜ್ಯದ್ದು. ಆಧಾರಿನಲ್ಲಿ ಜಹೀರಾಬಾದಿನ ವಿಳಾಸವಿಟ್ಟುಕೊಂಡು ಬೀದರದಲ್ಲಿ ಬದುಕುವವಳು ದಿನವೂ ಕೂಲಿಗೆ ಹೋಗುವ ಬಸ್ಸಿನಲ್ಲಿ ಟಿಕೆಟ್ ತೆಗೆಯುತ್ತಾಳೆ, ಪಕ್ಕದ ಸೀಟಿನವಳು ತೆಗೆಯುವುದಿಲ್ಲ.

ಉದ್ಯೋಗದ ವಿಷಯ ಬೇರೆ ರೀತಿಯದು, ಅಲ್ಲಿ ನನಗೆ ತೆಲಂಗಾಣದ ವಿಧಾನ ಕಠಿಣವಾದರೂ ಒಂದು ಅರ್ಥದಲ್ಲಿ ನೆಟ್ಟಗಿದೆ ಎನಿಸುತ್ತದೆ. ಸಂವಿಧಾನದ 371-ಡಿ ವಿಧಿಯ ಅಡಿ 2018ರಲ್ಲಿ ಬಂದ ರಾಷ್ಟ್ರಪತಿಗಳ ಆದೇಶ ಸ್ಥಳೀಯ ಅಭ್ಯರ್ಥಿ ಯಾರೆಂದು ನಿರ್ಧರಿಸುವುದು 1ರಿಂದ 7ನೇ ತರಗತಿವರೆಗಿನ ಓದು ಎಲ್ಲಿ ಆಯಿತು ಎಂಬುದರ ಮೇಲೆ. ನೇರ ನೇಮಕಾತಿಯ ನೂರಕ್ಕೆ 95 ಹುದ್ದೆ ಸ್ಥಳೀಯರಿಗೆ. ಮದುವೆ ಅಲ್ಲಿ ಏನನ್ನೂ ಕೊಡುವುದಿಲ್ಲ, ವಿಚ್ಛೇದನ ಏನನ್ನೂ ಕಸಿಯುವುದಿಲ್ಲ. ಬೀದರ, ಕಲಬುರಗಿಗಳಿಗೆ ಅನ್ವಯಿಸುವ 371-ಜೆ ಹುಟ್ಟು ಅಥವಾ ನೆಲೆಯನ್ನು ಕೇಳುತ್ತದೆ. ಇಲ್ಲಿ ಕೊರಗುವ ಮಾತೊಂದಿದೆ. ತಾಂಡೂರಿನಲ್ಲಿ ಹುಟ್ಟಿ, ಕನ್ನಡದಲ್ಲೇ ಬೆಳೆದು ಸೇಡಮಿಗೆ ಸೊಸೆಯಾಗಿ ಬಂದವಳು ಹುಟ್ಟಿನ ಲೆಕ್ಕದಲ್ಲಿ ಹೊರಗಿನವಳು. ಅವಳ ಅಜ್ಜಿ ಹುಟ್ಟಿದಾಗ ಆ ಊರು ಗುಲಬರ್ಗಾ ಜಿಲ್ಲೆಯಲ್ಲೇ ಇತ್ತು. 1956ರಲ್ಲಿ ಕಳೆದುಕೊಂಡ ತಾಲ್ಲೂಕುಗಳ ಮಕ್ಕಳನ್ನು 371-ಜೆಯನ್ನು ತಂದ 98ನೇ ತಿದ್ದುಪಡಿ ನೆನೆಯಲಿಲ್ಲ.

ಇಡೀ ಏರ್ಪಾಟಿನಲ್ಲಿ ನಾನು ಮನಸಾರೆ ಮೆಚ್ಚುವುದು ಒಂದನ್ನು. ತೆಲಂಗಾಣ 2017ರಲ್ಲಿ ಒಂಟಿ ಮಹಿಳೆಯರಿಗೆ ಆಸರಾ ಪಿಂಚಣಿ ಶುರು ಮಾಡಿತು. ತಿಂಗಳಿಗೆ 1,000 ರೂಪಾಯಿ, 2019ರಿಂದ 2,016. ಗಂಡನಿಂದ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇರೆಯಿದ್ದರೆ ಸಾಕು, ಡಿಕ್ರಿ ಇರಲೇಬೇಕು ಎಂಬ ಹಟವಿಲ್ಲ. ಪಂಚಾಯಿತಿಯಲ್ಲಿ ಬಿಡುಗಡೆಯಾದ ತಾಂಡಾದ ಹೆಣ್ಣಿಗೆ, ಸುಮ್ಮನೆ ಬಿಟ್ಟುಹೋದವನ ಹೆಂಡತಿಗೆ ಇದು ನಿಲುಕುತ್ತದೆ. ಕರ್ನಾಟಕದ ಮನಸ್ವಿನಿ ಯೋಜನೆ 2013ರಲ್ಲೇ ಬಂದದ್ದು, ಆಲೋಚನೆ ಒಳ್ಳೆಯದು. ಆದರೆ ಅದು ವಿಚ್ಛೇದಿತರನ್ನೂ ಅವಿವಾಹಿತರನ್ನೂ 40 ವರ್ಷ ತುಂಬುವ ತನಕ ಕಾಯಿಸುತ್ತದೆ, ಕೊಡುವ ಹಣವೂ ತೆಲಂಗಾಣದ ಅರ್ಧ ಮುಟ್ಟದು. ಇಪ್ಪತ್ತೈದಕ್ಕೆ ಎರಡು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬೀದರಕ್ಕೆ ಮರಳಿದವಳಿಗೆ ಇನ್ನು ಹದಿನೈದು ವರ್ಷ ತಾಳು ಎನ್ನುವುದು ನೆರವಲ್ಲ. ಹೀಗಾಗಿ ಮುರಿದ ಮದುವೆಯ ಊರಿನಲ್ಲೇ ಉಳಿದರೆ ಪಿಂಚಣಿ, ಆಸರೆಯಿರುವ ತವರಿಗೆ ಬಂದರೆ ಏನೂ ಇಲ್ಲ.

ಕಾನೂನಿನಲ್ಲಿ ಅವಳಿಗೆ ಅನುಕೂಲವಾದ ಅಂಶಗಳೂ ಇವೆ, ಅವು ಮನೆಮನೆಗೆ ತಿಳಿಯಬೇಕು. ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಆದ ತಿದ್ದುಪಡಿಯಂತೆ ಹೆಂಡತಿ ತಾನು ವಾಸವಿರುವ ಊರಿನ ಕೋರ್ಟಿನಲ್ಲೇ ದಾವೆ ಹಾಕಬಹುದು, ಬೀದರದಲ್ಲಿರುವವಳು ಅರ್ಜಿ ಹಾಕಲು ಜಹೀರಾಬಾದಿಗೆ ಹೋಗಬೇಕಿಲ್ಲ. ಗಂಡನ ಮನೆಯ ಕಿರುಕುಳದಿಂದ ತವರಿಗೆ ಬಂದವಳು ತವರಿನ ಠಾಣೆಯಲ್ಲೇ ದೂರು ಕೊಡಬಹುದೆಂದು 2019ರ ರೂಪಾಲಿ ದೇವಿ ಪ್ರಕರಣದಲ್ಲಿ ತೀರ್ಪಾಗಿದೆ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಿಂದ ಕಾರ್ಡಿನಲ್ಲಿ ಹೆಸರಿರುವವರೆಗೆ ಯಾವ ರಾಜ್ಯದ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು.

ಬೆಂಗಳೂರು, ಹೈದರಾಬಾದುಗಳಲ್ಲಿ ಕೂತವರಿಂದ ಬೇಕಾದದ್ದು ದೊಡ್ಡ ಕಾನೂನೇನೂ ಅಲ್ಲ. ಪಡಿತರ ಚೀಟಿಯಿಂದ ತನ್ನ ಹೆಸರನ್ನು ತಾನೇ ತೆಗೆಸಿಕೊಳ್ಳಲು ಅವಳ ಆಧಾರ್ ಮತ್ತು ಹೆಬ್ಬೆಟ್ಟು ಸಾಕು ಎಂದು ಎರಡೂ ರಾಜ್ಯಗಳು ಒಂದೊಂದು ಆದೇಶ ಹೊರಡಿಸಲಿ. ಮನಸ್ವಿನಿಯ ವಯಸ್ಸಿನ ಮಿತಿಯನ್ನು ಕರ್ನಾಟಕ ತೆಗೆಯಲಿ, ಡಿಕ್ರಿಯ ಬದಲು ಒಂದು ವರ್ಷದ ಪ್ರತ್ಯೇಕ ವಾಸವನ್ನು ಒಪ್ಪಲಿ. ಗಡಿಯಾಚೆಗೆ ಮಗಳನ್ನು ಕೊಡುವ ತಂದೆತಾಯಿಯರಲ್ಲೂ ಒಂದು ಕೋರಿಕೆ: ಮದುವೆ ನೋಂದಣಿ ಮಾಡಿಸಿ. ಅವಳ ಶಾಲೆಯ ಟಿಸಿ, ಅಂಕಪಟ್ಟಿ, ಜನನ ಪತ್ರ, ನಿಮ್ಮ ಜಾತಿ ಪ್ರಮಾಣಪತ್ರದ ನಕಲು ಇಷ್ಟನ್ನೂ ಒಂದು ಚೀಲದಲ್ಲಿ ಹಾಕಿ ಸೀರೆಗಳ ಜೊತೆ ಕಳಿಸಿ, ಇನ್ನೊಂದು ಪ್ರತಿ ನಿಮ್ಮ ಟ್ರಂಕಿನಲ್ಲಿ ಇಟ್ಟುಕೊಳ್ಳಿ.