ಹಳೆ ಲ್ಯಾಪ್‌ಟಾಪಿಗೆ ಮರುಜೀವ

ಮಣಿಪಾಲದಂಥ ವಿದ್ಯಾರ್ಥಿಗಳ ಊರಿನಲ್ಲಿ ಲ್ಯಾಪ್‌ಟಾಪ್ ಬೇಗ ಹಳತಾಗುತ್ತದೆ. 2012ರಲ್ಲಿ ಮಾರುಕಟ್ಟೆಗೆ ಬಂದ ರಾಸ್ಪ್‌ಬೆರಿ ಪೈಯಂಥ ಪುಟ್ಟ ಬೋರ್ಡ್ ಜೋಡಿಸಿದರೆ ಅದಕ್ಕೆ ಮರುಜೀವ ಬರುತ್ತದೆನ್ನುವವರಿದ್ದಾರೆ. ಇದು ಅರ್ಧ ಸತ್ಯ. ಪರದೆಗೆ ಪ್ರತ್ಯೇಕ ನಿಯಂತ್ರಕ ಬೋರ್ಡ್ ಬೇಕು. ಕೀಲಿಮಣೆ, ಬ್ಯಾಟರಿಗಳು ನೇರವಾಗಿ ಹೊಂದುವುದಿಲ್ಲ. ಮದರ್‌ಬೋರ್ಡೇ ಸುಟ್ಟಿದ್ದರೆ ಈ ಶ್ರಮಕ್ಕೆ ಅರ್ಥವಿದೆ. ಇಲ್ಲವಾದರೆ ಎಸ್‌ಎಸ್‌ಡಿ ಹಾಕಿ, ಉಚಿತವಾಗಿ ಸಿಗುವ ಲಿನಕ್ಸ್ ಅಳವಡಿಸುವುದೇ ಸುಲಭ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಆದರೆ ಅಂದು ಯಂತ್ರಗಳೇನೂ ಕೆಟ್ಟಿರಲಿಲ್ಲ. ಕಂಪೆನಿ ಕೈಬಿಟ್ಟದ್ದನ್ನೆಲ್ಲ ನಾವು ಕಸವೆಂದು ಏಕೆ ಒಪ್ಪಬೇಕು? ಉಡುಪಿಯ ಮನೆಯಲ್ಲಿ ಮೂಲೆಗುಂಪಾದ ಲ್ಯಾಪ್‌ಟಾಪ್ ಕಾಪು, ಕಾರ್ಕಳದ ಬಡ ವಿದ್ಯಾರ್ಥಿಗೆ ಕನ್ನಡ ಟೈಪಿಂಗ್ ಕಲಿಯಲು ಧಾರಾಳ ಸಾಕು. ಹೊಸ ಬೋರ್ಡ್ ಕೊಳ್ಳುವ ಮೊದಲು ಹಳೆಯದನ್ನೊಮ್ಮೆ ರಿಪೇರಿಯವರಿಗೆ ತೋರಿಸೋಣ.