ಅನುಬಂಧಕ್ಕೆ ಸರಿದ ನೋವು

ವಿಕಾಸವಾದಕ್ಕೂ ಕ್ರೈಸ್ತಧರ್ಮಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧವೆಂದು ನಮ್ಮಲ್ಲಿ ಅನೇಕರ ತಿಳುವಳಿಕೆ. ಡಾರ್ವಿನ್ನನ ಗ್ರಂಥ 1859ರಲ್ಲಿ ಹೊರಬಂದಂದಿನಿಂದ ಇವೆರಡರ ಜಗಳದ ಕಥೆಗಳನ್ನೇ ನಾವು ಹೆಚ್ಚಾಗಿ ಕೇಳುತ್ತ ಬಂದಿದ್ದೇವೆ. ಆದರೆ ಎರಡನ್ನೂ ಒಂದೇ ಎದೆಯಲ್ಲಿಟ್ಟುಕೊಂಡು ಬಾಳಿದವರೂ ಇದ್ದರು. ಅವರಲ್ಲಿ ಪ್ರಮುಖರು ಫ್ರೆಂಚ್ ಜೆಸ್ವಿಟ್ ಪಾದ್ರಿ ಪಿಯೇರ್ ತೇಯಾರ್ ದ ಶಾರ್ದಾಂ. ಅವರ 'ದಿ ಫಿನಾಮಿನನ್ ಆಫ್ ಮ್ಯಾನ್' ಎಂಬ ಗ್ರಂಥದ ಗುಣದೋಷಗಳನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

1881ರಲ್ಲಿ ಜನಿಸಿದ ತೇಯಾರ್ ದೀಕ್ಷೆಯಿಂದ ಪಾದ್ರಿ, ವೃತ್ತಿಯಿಂದ ಭೂವಿಜ್ಞಾನಿ. ಮೊದಲನೆಯ ಮಹಾಯುದ್ಧದಲ್ಲಿ ಅವರು ಮಾಡಿದ್ದು ರಣರಂಗದಿಂದ ಗಾಯಾಳುಗಳನ್ನು ಹೊತ್ತು ತರುವ ಕೆಲಸ. ಮುಂದೆ ಆದಿಪಾಪದ ಬಗ್ಗೆ ಅವರು ಬರೆದಿದ್ದ ಒಂದು ಟಿಪ್ಪಣಿ ರೋಮಿನ ಮೇಲಧಿಕಾರಿಗಳ ಕೈಸೇರಿತು. ಪ್ಯಾರಿಸ್ಸಿನಲ್ಲಿ ಪಾಠ ಹೇಳುವ ಅವಕಾಶ ತಪ್ಪಿತು. ಆ ಬಳಿಕ ಅವರ ಬಾಳಿನ ಬಹುಭಾಗ ಕಳೆದದ್ದು ಚೀನದಲ್ಲಿ. ಪೀಕಿಂಗ್ ಬಳಿಯ ಗುಹೆಯಲ್ಲಿ ಸಿಕ್ಕ 'ಪೀಕಿಂಗ್ ಮಾನವ'ನ ಅವಶೇಷಗಳನ್ನು ಅಭ್ಯಸಿಸಿದ ತಂಡದಲ್ಲಿ ಅವರಿದ್ದರು. 1935ರಲ್ಲಿ ನಮ್ಮ ನರ್ಮದಾ ಕಣಿವೆಗೂ ಬಂದು ಶಿಲಾಸ್ತರಗಳನ್ನು ಪರಿಶೀಲಿಸಿದ್ದರು.

ಈ ಗ್ರಂಥವನ್ನು ಅವರು ಬರೆದದ್ದು 1938ರಿಂದ 1940ರ ಅವಧಿಯಲ್ಲಿ. ಪ್ರಕಟಣೆಗೆ ರೋಮ್ ಅನುಮತಿ ಕೊಡಲಿಲ್ಲ. 1955ರ ಈಸ್ಟರ್ ಭಾನುವಾರ ಅವರು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಫ್ರೆಂಚ್ ಮೂಲ ಅದೇ ವರ್ಷ ಬೆಳಕು ಕಂಡಿತು. 1959ರ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆದವರು ದೇವರನ್ನು ನಂಬದ ಜೀವವಿಜ್ಞಾನಿ ಜೂಲಿಯನ್ ಹಕ್ಸ್ಲಿ. 1962ರಲ್ಲಿ ವ್ಯಾಟಿಕನ್ ತೇಯಾರರ ಬರಹಗಳ ಬಗ್ಗೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ನಾಸ್ತಿಕನಿಗೆ ಮೆಚ್ಚಿಕೆಯಾಗಿ ಮಠಕ್ಕೆ ಬೇಡವಾದ ಪಾದ್ರಿಯ ಗ್ರಂಥ ಇದು!

ಗ್ರಂಥದ ವಾದ ಸ್ಥೂಲವಾಗಿ ಹೀಗಿದೆ. ಜಡವಸ್ತುವಿನ ರಚನೆ ಜಟಿಲವಾದಷ್ಟೂ ಅದರ ಒಳಗಿನ ಅರಿವು ಬೆಳೆಯುತ್ತದೆ. ಪರಮಾಣುವಿನಿಂದ ಜೀವಕೋಶ, ಜೀವಕೋಶದಿಂದ ಪ್ರಾಣಿ, ಪ್ರಾಣಿಯಿಂದ ಮನುಷ್ಯ. ಮನುಷ್ಯನಲ್ಲಿ ಅರಿವು ತನ್ನನ್ನೇ ತಾನು ನೋಡಿಕೊಂಡಿತು. ವಾಯುಮಂಡಲದಂತೆ ಈಗ ಭೂಮಿಯ ಸುತ್ತ ಚಿಂತನೆಯ ಒಂದು ಮಂಡಲ ಹಬ್ಬುತ್ತಿದೆ. ಎಲ್ಲವೂ ಕೊನೆಗೆ 'ಒಮೇಗಾ' ಎಂಬ ಒಂದು ಬಿಂದುವಿನಲ್ಲಿ ಕೂಡುತ್ತದೆ. ಕ್ರೈಸ್ತನಾದ ತೇಯಾರರಿಗೆ ಆ ಬಿಂದುವೇ ಕ್ರಿಸ್ತ.

ಈ ದರ್ಶನದ ಸೊಬಗನ್ನು ಒಪ್ಪಲೇಬೇಕು. ಕಾಲೇಜಿನಲ್ಲಿ ಕಪ್ಪೆ ಕೊಯ್ದು, ಪಳೆಯುಳಿಕೆಗಳ ಹೆಸರು ಬಾಯಿಪಾಠ ಮಾಡಿ ಬಿ.ಎಸ್ಸಿ. ಮುಗಿಸಿದ ನನ್ನಂಥವರಿಗೆ 'ಇದರಲ್ಲೆಲ್ಲ ನಾನು ಯಾರು?' ಎಂಬ ಪ್ರಶ್ನೆಯನ್ನು ಯಾವ ಪಠ್ಯಪುಸ್ತಕವೂ ಕೇಳಿರಲಿಲ್ಲ. ತೇಯಾರ್ ಕೇಳುತ್ತಾರೆ. ಮನುಷ್ಯ ಈ ವಿಶ್ವಕ್ಕೆ ಹೊರಗಿನವನಲ್ಲ ಎನ್ನುತ್ತಾರೆ.

ತೊಡಕು ಇರುವುದು ಬೇರೆ ಕಡೆ. ತಮ್ಮದನ್ನು ಧರ್ಮಗ್ರಂಥವೆಂದಲ್ಲ, ಶುದ್ಧ ವಿಜ್ಞಾನವೆಂದು ಓದಬೇಕೆಂದು ತೇಯಾರ್ ಮೊದಲಿಗೇ ಕೇಳಿಕೊಳ್ಳುತ್ತಾರೆ. ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಪೀಟರ್ ಮೆಡವಾರ್ 1961ರ ತಮ್ಮ ವಿಮರ್ಶೆಯಲ್ಲಿ ಬಲವಾಗಿ ಏಟು ಹಾಕಿದ್ದು ಈ ಹಕ್ಕುಸಾಧನೆಯ ಮೇಲೆಯೇ. ಅವರ ಮಾತಿನ ಖಾರ ಹೆಚ್ಚಾಯಿತೆನ್ನಬಹುದು, ಆದರೆ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಜೀವವಿಕಾಸಕ್ಕೆ ಗೊತ್ತಾದ ಗುರಿ ಇದ್ದಂತೆ ಕಾಣುವುದಿಲ್ಲ. ಲಾಡಿಹುಳು ತನ್ನ ಪೂರ್ವಜರಿಗಿದ್ದ ಜೀರ್ಣಾಂಗವನ್ನೇ ಕಳೆದುಕೊಂಡು ಪರರ ಕರುಳಿನಲ್ಲಿ ಸುಖವಾಗಿದೆ. ಕತ್ತಲೆ ಗುಹೆಯ ಮೀನು ಕಣ್ಣು ಕಳೆದುಕೊಂಡಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಒಂದು ಬಂಡೆ ಬಂದು ಅಪ್ಪಳಿಸದಿದ್ದರೆ ದೈತ್ಯ ಸರೀಸೃಪಗಳೇ ಇನ್ನೂ ಮೆರೆಯುತ್ತಿದ್ದವೋ ಏನೋ. ಇವನ್ನೆಲ್ಲ ಬದಿಗಿಟ್ಟು ಮನುಷ್ಯನತ್ತ ಹೋದ ಒಂದು ಕವಲನ್ನೇ ರಾಜಮಾರ್ಗವೆನ್ನುವುದು ವಿಜ್ಞಾನವಾಗದು.

ನಾವೂ ನಗುವ ಹಾಗಿಲ್ಲ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ ಎಂದು ಬೆರಳು ಮಡಚಿ, 'ದಶಾವತಾರದಲ್ಲಿ ಡಾರ್ವಿನ್ ಆಗಲೇ ಇದ್ದಾನೆ' ಎಂದು ಹೆಮ್ಮೆಪಡುವವರು ನಮ್ಮ ಸಭೆಗಳಲ್ಲಿ ಕಡಿಮೆಯೇ? ಅವತಾರದ ಕಥೆಗೆ ವಿಜ್ಞಾನದ ಸರ್ಟಿಫಿಕೇಟ್ ತರಹೊರಟರೆ ಕಥೆಯೂ ಸೊರಗುತ್ತದೆ, ವಿಜ್ಞಾನವೂ ಸೊರಗುತ್ತದೆ.

ಇದಕ್ಕಿಂತಲೂ ಗಂಭೀರವಾದ ಕೊರತೆ ಇನ್ನೊಂದಿದೆ. ಸಂಕಟ, ಸಾವು, ಕೇಡು ಇವುಗಳ ವಿಚಾರ ಗ್ರಂಥದಲ್ಲಿ ಬರುವುದು ತೀರ ಕೊನೆಗೆ, 1948ರಲ್ಲಿ ಸೇರಿಸಿದ ಕಿರು ಅನುಬಂಧವೊಂದರಲ್ಲಿ. ಸರಕಾರಿ ಕಡತಗಳ ನಡುವೆ ದಿನಗಳೆಯುವವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಮುಖ್ಯ ಟಿಪ್ಪಣಿಯಲ್ಲಿ ಉತ್ತರ ಹೇಳಲಾಗದ್ದನ್ನು ನಾವೂ ಅನುಬಂಧಕ್ಕೆ ಸರಿಸುತ್ತೇವೆ! ಡಾರ್ವಿನ್ ಹಾಗೆ ಮಾಡಲಿಲ್ಲ. ತನ್ನ ಹತ್ತು ವರ್ಷದ ಮಗಳನ್ನು 1851ರಲ್ಲಿ ಕಳೆದುಕೊಂಡಿದ್ದ ಆತ, 1860ರಲ್ಲಿ ದೈವಭಕ್ತ ಸಸ್ಯವಿಜ್ಞಾನಿ ಏಸಾ ಗ್ರೇಗೆ ಪತ್ರ ಬರೆಯುತ್ತ, ಕಂಬಳಿಹುಳುವನ್ನು ಜೀವಂತವಾಗಿ ಒಳಗಿನಿಂದ ತಿಂದು ಬೆಳೆಯುವ ಕಣಜವನ್ನು ಕರುಣಾಳುವಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ತಾನು ಒಪ್ಪಲಾರೆನೆಂದ. ನೇರವಾದ ಪ್ರಶ್ನೆ. ಅದಕ್ಕೆ ಒಮೇಗಾ ಬಿಂದು ಉತ್ತರವಾಗುವುದಿಲ್ಲ. ಲಕ್ಷಾಂತರ ವರ್ಷಗಳ ಆಚೆ ಎಲ್ಲವೂ ಸರಿಹೋಗುವುದಾದರೂ, ದಾರಿಯಲ್ಲೇ ಬಿದ್ದವರ ಗತಿ ಏನು? ಹಾಗೆ ಬಿದ್ದವರನ್ನು ಯುದ್ಧಭೂಮಿಯಿಂದ ಹೊತ್ತು ತಂದಿದ್ದ ತೇಯಾರರು ಈ ಪ್ರಶ್ನೆಯನ್ನು ಅರಿಯದವರಲ್ಲ. ಶಿಲುಬೆಯನ್ನೇ ನಡುವೆ ನಿಲ್ಲಿಸಿಕೊಂಡ ಧರ್ಮ ಅವರದು. ಅಂಥವರ ಗ್ರಂಥದಲ್ಲಿ ನೋವಿಗೆ ನಡುಮನೆಯಲ್ಲಿ ಜಾಗ ಸಿಗಬೇಕಿತ್ತು, ಹಿತ್ತಿಲಿನಲ್ಲಲ್ಲ.

1996ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ವಿಕಾಸವಾದವು ಬರಿಯ ಊಹೆಗಿಂತ ಮಿಗಿಲಾದದ್ದೆಂದು ಒಪ್ಪಿದರು. ಆದರೆ ಆತ್ಮದ ವಿಚಾರವನ್ನು ವಿಜ್ಞಾನದ ಅಳತೆಗೆ ಒಪ್ಪಿಸಲಿಲ್ಲ. ಈ ಗಡಿಯೇ ಸರಿಯೆಂದು ನನಗೆ ತೋರುತ್ತದೆ. ಬಾಳಿನ ಅರ್ಥ ಭೂಮಿ ಅಗೆದರೆ ಸಿಗುವ ಪಳೆಯುಳಿಕೆಯಲ್ಲ.

ಹಾಗೆಂದು ಗ್ರಂಥವನ್ನು ಕೈಬಿಡಬೇಕಾಗಿಲ್ಲ. ಓದುವ ಮನಸ್ಸುಳ್ಳವರು ಅನುಬಂಧವನ್ನು ಮೊದಲು ಓದಿ, ಆಮೇಲೆ ಮೊದಲ ಅಧ್ಯಾಯಕ್ಕೆ ಬರಲಿ. ಬರೆದವರ ಬಾಳನ್ನೂ ಜೊತೆಗಿಟ್ಟುಕೊಳ್ಳಲಿ. ಬರೆದದ್ದು ಅಚ್ಚಾಗದೆ ಹೋದರೂ ಅವರು ಸಂಘವನ್ನು ತೊರೆಯಲಿಲ್ಲ, ಕಲ್ಲುಗಳ ಸಹವಾಸವನ್ನೂ ಬಿಡಲಿಲ್ಲ. ಗ್ರಂಥದ ವಾದಕ್ಕಿಂತ ಈ ನಿಷ್ಠೆಯೇ ನನ್ನನ್ನು ಹೆಚ್ಚು ಒಪ್ಪಿಸಿತು.